ಅಂಗಶಬ್ದ ವಿಚಾರ

ಶರೀರದ ಒಂದು ಅವಯವವನ್ನು ಹಿಡಿದು ಇಡೀ ಮನುಷ್ಯನನ್ನು ಕರೆಯುವುದು ಲೋಕದಲ್ಲಿ ಬಹುಕಾಲದಿಂದ ನಡೆದುಬಂದ ರೂಢಿಯಾಗಿದೆ. ಕಾಲು ಊನವಾದವನು ಕುಂಟ, ಕಣ್ಣು ಕಾಣದವನು ಕುರುಡ, ಬೆನ್ನು ಬಾಗಿದವನು ಗೂನ. ಹೀಗೆ ಕರೆಯುವವನು ಸುಳ್ಳಾಡುತ್ತಿಲ್ಲ, ಕಂಡುದನ್ನೇ ಆಡುತ್ತಾನೆ. ಆದರೂ ಕೇಳಿದವನ ಮೋರೆ ಬಾಡುತ್ತದೆ. ನಿಜವನ್ನು ನುಡಿದರೂ ನೋವಾಗುವುದಾದರೆ ದೋಷವಿರುವುದೆಲ್ಲಿ? ಶಬ್ದದಲ್ಲಿಯೋ, ಆಡಿದವನ ಭಾವದಲ್ಲಿಯೋ, ಕೇಳಿದವನ ದೌರ್ಬಲ್ಯದಲ್ಲಿಯೋ? ‘ಅಂಗ’ವೆಂಬ ಶಬ್ದವನ್ನು ತತ್ತ್ವದ ನಡುಮನೆಯಲ್ಲಿ ಪ್ರತಿಷ್ಠಿಸಿಕೊಂಡಿರುವ ನಮಗೆ ಈ ಪ್ರಶ್ನೆಯನ್ನು ತಳ್ಳಿಹಾಕಲು ಬರುವಂತಿಲ್ಲ. ಇದನ್ನು ವಿಚಾರಿಸಲು ನನ್ನನ್ನು ಪ್ರೇರಿಸಿದ್ದು ಯಾವ ಗ್ರಂಥವೂ ಅಲ್ಲ, ನನ್ನದೇ ಒಂದು ಅಪರಾಧ. ಅದನ್ನು ಮೊದಲು ಒಪ್ಪಿಕೊಳ್ಳುವುದು ಲೇಸು.

ಸುಮಾರು ಮೂವತ್ತು ವರ್ಷಗಳ ಹಿಂದಿನ ಮಾತು. ಕಾಗಿನೆಲೆಯ ಸೀಮೆಯ ಮಠದ ಪಾಠಶಾಲೆಯೊಂದರಲ್ಲಿ ನಾನು ಹೊಸದಾಗಿ ಉಪಾಧ್ಯಾಯನಾಗಿದ್ದೆನು. ಒಂದೇ ತರಗತಿಯಲ್ಲಿ ಒಂದೇ ಹೆಸರಿನ ಇಬ್ಬರು ಹುಡುಗರಿದ್ದರು. ಒಬ್ಬನಿಗೆ ಎಳವೆಯಲ್ಲಿ ಪೋಲಿಯೋ ತಗಲಿ ಬಲಗಾಲು ಸಣ್ಣದಾಗಿತ್ತು. ಹಾಜರಿ ಕರೆಯುವಾಗ ಗೊಂದಲವಾಗಬಾರದೆಂದು ಅವನ ಹೆಸರಿನ ಹಿಂದೆ ‘ಕುಂಟ’ ಎಂಬ ಶಬ್ದವನ್ನು ಸೇರಿಸಿ ಕರೆದೆನು. ಮನಸ್ಸಿನಲ್ಲಿ ಕೆಡುಕಿರಲಿಲ್ಲ, ವಿಚಾರವೂ ಇರಲಿಲ್ಲ. ಗುರು ಕರೆದ ಹೆಸರನ್ನು ತರಗತಿ ಕರೆಯಿತು, ತರಗತಿ ಕರೆದುದನ್ನು ಊರು ಕರೆಯಿತು.

ಅದೇ ಹುಡುಗನು ಒಮ್ಮೆ ಪಾಠದ ನಡುವೆ ಒಂದು ಪ್ರಶ್ನೆ ಕೇಳಿದನು. ದೇಹವನ್ನು ದೇಗುಲಕ್ಕೂ ಕಾಲುಗಳನ್ನು ಕಂಬಗಳಿಗೂ ಶಿರಸ್ಸನ್ನು ಹೊನ್ನ ಕಲಶಕ್ಕೂ ಹೋಲಿಸಿದ ಬಸವಣ್ಣನವರ ವಚನವನ್ನು ವಿವರಿಸುತ್ತಿದ್ದೆನು. ಅವನು ಎದ್ದು ನಿಂತು, “ಒಂದ ಕಂಬ ಸಣ್ಣದಾದ್ರ ಗುಡಿ ಬೀಳತೈತೇನ್ರಿ, ಗುರುಗಳ?” ಎಂದನು. ಮಕ್ಕಳೆಲ್ಲ ನಕ್ಕರು. ನಾನೂ ನಕ್ಕು, ಕುಳಿತುಕೊಳ್ಳೆಂದು ಹೇಳಿ ಪಾಠವನ್ನು ಮುಂದುವರಿಸಿದೆನು.

ಕೆಲವು ವರ್ಷಗಳ ಹಿಂದೆ ಅವನು ತನ್ನ ಮಗಳನ್ನು ನಮ್ಮ ಶಾಲೆಗೆ ಸೇರಿಸಲು ಬಂದನು. ಈಗ ಅವನು ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ಲೆಕ್ಕ ಬರೆಯುವ ಗೃಹಸ್ಥ. ದಾಖಲೆಯ ಪುಸ್ತಕವನ್ನು ತೆರೆದು, ಮಗುವನ್ನು ಮಾತನಾಡಿಸುವ ನೆಪದಿಂದ “ನಿಮ್ಮ ತಂದೆಯವರ ಹೆಸರೇನು, ತಂಗಿ?” ಎಂದು ಕೇಳಿದೆನು. ಆ ಮಗು ನಾನಿಟ್ಟ ವಿಶೇಷಣವನ್ನೂ ಸೇರಿಸಿಯೇ ಹೆಸರು ಹೇಳಿತು. ಅದು ಹೆಸರಿನ ಭಾಗವೆಂದೇ ಅದು ತಿಳಿದಿತ್ತು. ನನ್ನ ಲೇಖನಿ ನಿಂತಿತು. ತಂದೆಯಾದವನು ಕೋಪಗೊಳ್ಳಲಿಲ್ಲ. “ನನಗ ರೂಢಿ ಆಗೇತ್ರಿ, ಗುರುಗಳ. ಮಗಳ ದಾಖಲೆದಾಗ ಮಾತ್ರ ಅದು ಬ್ಯಾಡ್ರಿ” ಎಂದಷ್ಟೇ ಹೇಳಿದನು.

ಭಾರತವು ಪೋಲಿಯೋಮುಕ್ತವಾಯಿತೆಂದು 2014ರ ಮಾರ್ಚ್ 27ರಂದು ವಿಶ್ವ ಆರೋಗ್ಯ ಸಂಸ್ಥೆಯು ಸಾರಿತು. ರೋಗವು ದೇಶವನ್ನು ಬಿಟ್ಟು ಹೋಗಿದೆ. ರೋಗದ ನೆಪದಲ್ಲಿ ನಾವಿಟ್ಟ ಹೆಸರುಗಳು ಹೋಗಿಲ್ಲ.

ಇರಲಿ. ಈಗ ಶಬ್ದದ ವಿಚಾರಕ್ಕೆ ಬರೋಣ.

ಪಾಣಿನಿ ಮಹರ್ಷಿಯು ಅಷ್ಟಾಧ್ಯಾಯಿಯ ಎರಡನೆಯ ಅಧ್ಯಾಯದ ಮೂರನೆಯ ಪಾದದ ಇಪ್ಪತ್ತನೆಯ ಸೂತ್ರದಲ್ಲಿ ಅಂಗವಿಕಾರದ ಮಾತನ್ನೆತ್ತಿದ್ದಾನೆ. ಯಾವ ಅವಯವದ ವಿಕಾರದಿಂದ ಇಡೀ ಶರೀರವುಳ್ಳವನು ವಿಕಾರವುಳ್ಳವನೆಂದು ತೋರುವನೋ ಆ ಅವಯವಕ್ಕೆ ತೃತೀಯಾ ವಿಭಕ್ತಿ ಬರಬೇಕೆಂಬುದು ಅದರ ತಾತ್ಪರ್ಯ. ‘ಕಣ್ಣಿನಿಂದ ಕುರುಡ’, ‘ಕಾಲಿನಿಂದ ಕುಂಟ’ ಎಂಬ ಬಗೆಯ ಪ್ರಯೋಗಗಳು ಇದಕ್ಕೆ ಉದಾಹರಣೆ. ಕಾಶಿಕಾವೃತ್ತಿಯು ಇದನ್ನು ವಿವರಿಸುತ್ತ, ಇಲ್ಲಿ ಭಾಗದ ಧರ್ಮವನ್ನು ಸಮುದಾಯದ ಮೇಲೆ ಹೇರಿ ವ್ಯವಹರಿಸಲಾಗಿದೆ ಎಂದು ಸ್ಪಷ್ಟಪಡಿಸುತ್ತದೆ. ‘ಇವನ ಕಣ್ಣು ಕುರುಡು’ ಎನ್ನುವಲ್ಲಿ ಈ ಸೂತ್ರಕ್ಕೆ ಅವಕಾಶವಿಲ್ಲವೆಂದೂ ತೋರಿಸುತ್ತದೆ. ಏಕೆಂದರೆ ಅಲ್ಲಿ ವಿಕಾರವು ಕಣ್ಣಿನಲ್ಲಿಯೇ ನಿಂತಿದೆ, ಮನುಷ್ಯನ ಮೇಲೆ ಹೋಗಿಲ್ಲ.

ವೈಯಾಕರಣರು ಇಲ್ಲಿ ನೀತಿಯನ್ನು ಬೋಧಿಸಲು ಹೊರಟವರಲ್ಲ. ವಿಭಕ್ತಿಯನ್ನು ನಿಯಮಿಸಲು ಹೊರಟವರು. ಆದರೂ ಅವರು ಗುರುತಿಸಿದ ಭೇದವು ನೀತಿಯ ಬೇರಿಗೇ ಮುಟ್ಟುತ್ತದೆ. ಭಾಗದ ಧರ್ಮವನ್ನು ಸಮಗ್ರದ ಮೇಲೆ ಹೇರುವುದು ಲಕ್ಷಣಾವ್ಯವಹಾರ, ವಸ್ತುಸ್ಥಿತಿಯಲ್ಲ. ಕಾಲು ಮಾತ್ರ ಸಣ್ಣದಾದವನನ್ನು ಕುಂಟನೆಂದು ಕರೆದಾಗ ನಾವು ಕಂಡುದನ್ನೇ ಆಡಿದೆವೆಂದು ಹೇಳಿಕೊಳ್ಳುತ್ತೇವೆ. ದಿಟವಾಗಿ ಆಡಿದ್ದು ಕಂಡುದಕ್ಕಿಂತ ಬಹಳ ಹೆಚ್ಚಿನದು. ಕಂಡದ್ದು ಕಾಲು, ಆಡಿದ್ದು ಮನುಷ್ಯನನ್ನು.

ನಮ್ಮ ಕನ್ನಡದಲ್ಲಿ ಈ ಭೇದವು ಇನ್ನೂ ಸೂಕ್ಷ್ಮವಾಗಿ, ಒಂದೇ ಸ್ವರದಲ್ಲಿ ಅಡಗಿದೆ. ಕುರುಡು, ಕುಂಟು, ಕಿವುಡು, ಗೂನು, ಹೆಳವು — ಇವು ಉಕಾರಾಂತಗಳು. ಇವು ಹೇಳುವುದು ಸ್ಥಿತಿಯನ್ನು. ಕುರುಡ, ಕುಂಟ, ಕಿವುಡ, ಗೂನ, ಹೆಳವ — ಇವು ಅಕಾರಾಂತಗಳು. ಇವು ಹೇಳುವುದು ಮನುಷ್ಯನನ್ನು. ‘ಅವನ ಕಾಲು ಕುಂಟು’ ಎಂದರೆ ಅವನಿಗೆ ಕಾಲಲ್ಲದೆ ಕೈಯುಂಟು, ಕಣ್ಣುಂಟು, ವಿದ್ಯೆಯುಂಟು, ಮನೆಮಾರುಂಟು ಎಂಬುದಕ್ಕೆಲ್ಲ ಎಡೆಯಿರುತ್ತದೆ. ‘ಅವನು ಕುಂಟ’ ಎಂದೊಡನೆ ಆ ಎಡೆಯೆಲ್ಲ ಮುಚ್ಚಿಹೋಗುತ್ತದೆ. ನಾನು ಹಾಜರಿ ಪುಸ್ತಕದ ಮುಂದೆ ಕುಳಿತು ಮಾಡಿದ ತಪ್ಪು ಈ ಒಂದು ಸ್ವರದ್ದು.

ಧರ್ಮಶಾಸ್ತ್ರಕಾರರು ಈ ವಿಷಯದಲ್ಲಿ ಏನೆನ್ನುತ್ತಾರೆ? ಮನುಸ್ಮೃತಿಯ ಎಂಟನೆಯ ಅಧ್ಯಾಯವು ಒಬ್ಬನನ್ನು ಒಕ್ಕಣ್ಣನೆಂದೋ ಕುಂಟನೆಂದೋ ನಿಂದಿಸಿದವನಿಗೆ, ಆ ಮಾತು ನಿಜವೇ ಆಗಿದ್ದರೂ, ಕನಿಷ್ಠ ಒಂದು ಕಾರ್ಷಾಪಣ ದಂಡವನ್ನು ವಿಧಿಸುತ್ತದೆ. ಮಾತು ನಿಜವೆಂಬುದು ಇಲ್ಲಿ ರಕ್ಷಣೆಯಾಗುವುದಿಲ್ಲ. ಮೈಸೂರಿನ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಪ್ರಕಟಿಸಿ ಲೋಕಕ್ಕೆ ಕೊಟ್ಟ ಕೌಟಿಲ್ಯನ ಅರ್ಥಶಾಸ್ತ್ರವಂತೂ ಇನ್ನೂ ನಯವಾಗಿ ತೂಗಿದೆ. ಅದರ ಮೂರನೆಯ ಅಧಿಕರಣದ ವಾಕ್ಪಾರುಷ್ಯ ಪ್ರಕರಣದ ಪ್ರಕಾರ, ಶರೀರದ ಊನವನ್ನು ಹಿಡಿದು ನಿಂದಿಸಿದ ಮಾತು ನಿಜವಾದರೆ ಮೂರು ಪಣ ದಂಡ; ಸುಳ್ಳಾದರೆ ಆರು ಪಣ; ಕಣ್ಣು ಊನವಾದವನನ್ನು ಸೊಗಸಾದ ಕಣ್ಣುಳ್ಳವನೆಂದು ಹೊಗಳುವ ನೆಪದಲ್ಲಿ ಹಳಿದರೆ ಹನ್ನೆರಡು ಪಣ. ಹುಸಿಹೊಗಳಿಕೆಯ ದಂಡವು ನಿಜವಾದ ನಿಂದೆಗಿಂತ ನಾಲ್ಕು ಮಡಿ! ಈ ಲೆಕ್ಕವನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಬೇಡುತ್ತೇನೆ. ಮುಂದೆ ಇದರ ಪ್ರಯೋಜನವಿದೆ.

ಆದರೆ ಶಾಸ್ತ್ರದ ಇನ್ನೊಂದು ಮುಖವನ್ನು ಮುಚ್ಚಿಡುವುದು ಪ್ರಾಮಾಣಿಕತೆಯಲ್ಲ. ನಿಂದಿಸಬೇಡವೆಂದ ಶಾಸ್ತ್ರವೇ ಅದೇ ಶಬ್ದಗಳನ್ನು ಹಿಡಿದು ದಾಯಭಾಗವನ್ನು ತಪ್ಪಿಸಿತು. ಯಾಜ್ಞವಲ್ಕ್ಯಸ್ಮೃತಿಯು ಹೆಳವನನ್ನೂ ಅಂಧನನ್ನೂ ಅನ್ನವಸ್ತ್ರಕ್ಕೆ ಅರ್ಹರೆಂದೂ ಪಾಲಿಗೆ ಅರ್ಹರಲ್ಲವೆಂದೂ ಹೇಳಿತು. ಇದಕ್ಕೆ ಮಿತಾಕ್ಷರಾ ಎಂಬ ಪ್ರಸಿದ್ಧ ವ್ಯಾಖ್ಯಾನವನ್ನು ವಿಜ್ಞಾನೇಶ್ವರನು ರಚಿಸಿದ್ದು ಆರನೆಯ ವಿಕ್ರಮಾದಿತ್ಯನ ಕಲ್ಯಾಣದಲ್ಲಿ. ಮುಂದೆ ಶರಣರು ನೆರೆದ ಕಲ್ಯಾಣವೂ ಅದೇ! ಒಂದು ಶಬ್ದವು ಬರಿಯ ಶಬ್ದವಾಗಿ ಉಳಿಯಲಿಲ್ಲ. ಅದು ಹೊಲದ ಬದುವನ್ನು ಬದಲಿಸಿತು, ಅಣ್ಣತಮ್ಮಂದಿರ ನಡುವೆ ಒಬ್ಬನನ್ನು ಅನ್ನಕ್ಕೆ ಕಾಯುವವನನ್ನಾಗಿ ಮಾಡಿತು. 1928ರ ಶಾಸನವೊಂದು ಮಿತಾಕ್ಷರಾನುಯಾಯಿಗಳಾದ ಹಿಂದೂಗಳಲ್ಲಿ ಶರೀರದ ಊನಕ್ಕಾಗಿ ಪಾಲು ತಪ್ಪಿಸುವುದನ್ನು ನಿಲ್ಲಿಸಿತು. 1956ರ ಹಿಂದೂ ಉತ್ತರಾಧಿಕಾರ ಶಾಸನದ 28ನೆಯ ಕಲಮು ರೋಗವಾಗಲಿ ಊನವಾಗಲಿ ಹಕ್ಕಿಗೆ ಅಡ್ಡಿಯಾಗದೆಂದು ಸಾರಿತು. ಕಾನೂನು ತಿದ್ದಿಕೊಂಡಿತು. ನಮ್ಮ ಅಂಗಳದ ಮಾತು ತಿದ್ದಿಕೊಂಡಿದೆಯೆ? ಇಂದಿಗೂ ಕೆಲವು ಮನೆಗಳಲ್ಲಿ ‘ಅವನು ಕುಂಟ, ಅವನಿಗೇಕೆ ಹೊಲ’ ಎಂಬ ಮಾತು ಕೇಳಿಬರುವುದುಂಟು.

ಇನ್ನು ನಮ್ಮ ತತ್ತ್ವದ ಕಡೆಗೆ ನೋಡೋಣ. ಲೋಕದಲ್ಲಿ ಅಂಗವೆಂದರೆ ಅವಯವ, ಇಲ್ಲವೆ ಶರೀರ. ಷಟ್‌ಸ್ಥಲ ಶಾಸ್ತ್ರದಲ್ಲಿ ಅಂಗವೆಂದರೆ ಜೀವ. ಮಗ್ಗೆಯ ಮಾಯಿದೇವರು ಅನುಭವಸೂತ್ರದಲ್ಲಿ ಈ ಶಬ್ದವನ್ನು ಬಿಡಿಸಿ, ‘ಅಂ’ ಎಂದರೆ ಸನ್ಮಾತ್ರವಾದ ಬ್ರಹ್ಮ, ‘ಗ’ ಎಂದರೆ ಅದರತ್ತ ಸಾಗುವುದು ಎಂದು ಅರ್ಥ ಮಾಡಿದ್ದಾರೆ. ಲಿಂಗದತ್ತ ಸಾಗುತ್ತಿರುವುದೇ ಅಂಗ. ತ್ಯಾಗಾಂಗ, ಭೋಗಾಂಗ, ಯೋಗಾಂಗಗಳೆಂಬ ಅದರ ಮೂರು ಭೇದಗಳಲ್ಲಿ ಒಂದಾದರೂ ಎಲುಬು ನರಗಳ ಲೆಕ್ಕವನ್ನು ಹಿಡಿದಿಲ್ಲ. ಹೀಗಿರಲು, ನಮ್ಮ ಪರಿಭಾಷೆಯಲ್ಲಿ ‘ಅಂಗವಿಕಲ’ನೆಂದರೆ ಯಾರು? ಸಾಗಬೇಕಾದ ಕಡೆಗೆ ಸಾಗದವನು ಎಂದಷ್ಟೇ ಅರ್ಥವಾದೀತು. ಕಾಲು ಸಣ್ಣದಾದವನೆಂದು ಎಂದಿಗೂ ಆಗದು.

ಇಲ್ಲಿ ಒಂದು ಎಚ್ಚರಿಕೆ ಬೇಕು. ಈ ವ್ಯುತ್ಪತ್ತಿಯನ್ನು ಹಿಡಿದು ನಮ್ಮ ಉಪನ್ಯಾಸಕಾರರು ‘ಲಿಂಗವಿಲ್ಲದವನೇ ನಿಜವಾದ ಹೆಳವನು, ಅಜ್ಞಾನಿಯೇ ನಿಜವಾದ ಕುರುಡನು’ ಎಂದು ಸಭೆಯಲ್ಲಿ ಗುಡುಗುವುದುಂಟು. ನಾನೂ ಗುಡುಗಿದವನೇ. ಊನವುಳ್ಳವರನ್ನು ಎತ್ತಿಹಿಡಿದೆವೆಂದು ಹೇಳುವವರು ನಂಬಿರುತ್ತಾರೆ. ಆದರೆ ಪಾಪಿಯನ್ನು ಬೈಯಲು ನಾವು ಆರಿಸಿಕೊಂಡ ಕಲ್ಲು ಯಾವುದು? ಸಭೆಯ ಹಿಂದಿನ ಸಾಲಿನಲ್ಲಿ ಊರುಗೋಲಿಟ್ಟುಕೊಂಡು ಕುಳಿತ ಭಕ್ತನ ಕಾಲು. ಬಾಗಿಲ ಬಳಿ ಮೊಮ್ಮಗನ ಕೈಹಿಡಿದು ಬಂದ ಅಜ್ಜಿಯ ಕಣ್ಣು. ನೀವು ಕುರುಡರಲ್ಲವೆಂದು ಅವರನ್ನು ಸಂತೈಸುತ್ತಲೇ, ಕುರುಡುತನವು ನಿಂದೆಗೆ ತಕ್ಕ ವಸ್ತುವೆಂಬುದನ್ನು ಎಲ್ಲರ ಮನಸ್ಸಿನಲ್ಲಿ ಮತ್ತೊಮ್ಮೆ ನಾಟಿಸುತ್ತೇವೆ. ಕುಂಟು ನೆಪ, ಕುರುಡು ನಂಬಿಕೆ ಎಂಬ ನುಡಿಗಟ್ಟುಗಳದೂ ಇದೇ ಜಾತಿ.

ಹಾಗಾದರೆ ಬಸವಣ್ಣನವರೇ ಈ ಶಬ್ದಗಳನ್ನು ಬಳಸಲಿಲ್ಲವೆ ಎಂದು ಯಾರಾದರೂ ಕೇಳಬಹುದು. ಬಳಸಿದ್ದಾರೆ. ತಮ್ಮನ್ನು ಹೆಳವನನ್ನಾಗಿ, ಅಂಧಕನನ್ನಾಗಿ, ಕಿವುಡನನ್ನಾಗಿ ಮಾಡೆಂದು ಕೂಡಲಸಂಗನನ್ನು ಬೇಡುವ ಅವರ ವಚನವು ಎಲ್ಲರಿಗೂ ಬಾಯಿಪಾಠ. ಆದರೆ ಅಲ್ಲಿ ಆ ಶಬ್ದಗಳ ನಡೆಯನ್ನು ನೋಡಿರಿ. ಅವು ಬೈಗುಳಾಗಿ ಇನ್ನೊಬ್ಬರ ಮೇಲೆ ಹೋಗಿ ಬೀಳಲಿಲ್ಲ. ವರವಾಗಿ ಬಸವಣ್ಣನವರ ಕಡೆಗೇ ಬಂದವು. ಅತ್ತಿತ್ತ ಹರಿದಾಡುವ ಇಂದ್ರಿಯಗಳು ಶರಣರ ಪಾದವೊಂದರಲ್ಲಿಯೇ ನಿಲ್ಲಲೆಂಬುದು ಆ ಬೇಡಿಕೆ. ಲೋಕವು ಕೊರತೆಯೆಂದು ಹೀಗಳೆದುದನ್ನು ಭಕ್ತಿಭಾಂಡಾರಿಯು ತಾನಾಗಿ ಕೇಳಿ ಪಡೆಯುತ್ತಾನೆ. ತನ್ನ ಮೇಲೆ ತಾನೇ ತಂದುಕೊಂಡ ಶಬ್ದವೂ ಪರರ ಮೇಲೆ ಎಸೆದ ಶಬ್ದವೂ ರೂಪದಲ್ಲಿ ಒಂದೇ ಆದರೂ ಗುಣದಲ್ಲಿ ಬೇರೆ. ಈ ವಚನವನ್ನು ಹಾಡುತ್ತ ಪಕ್ಕದ ಮನೆಯವನನ್ನು ಹೆಳವನೆಂದು ಕರೆಯುವವನು ವಚನವನ್ನು ಅರ್ಥಮಾಡಿಕೊಂಡವನಲ್ಲ.

ಶರಣರು ಪರಸ್ಪರರನ್ನು ಕರೆದ ಬಗೆಯೂ ನಮಗೆ ಪಾಠವಾಗಬೇಕು. ಅಂಬಿಗರ ಚೌಡಯ್ಯ, ಮಡಿವಾಳ ಮಾಚಿದೇವ, ನುಲಿಯ ಚಂದಯ್ಯ — ಹೆಸರಿನ ಹಿಂದೆ ನಿಂತಿರುವುದು ಕಾಯಕ. ರಾಣೆಬೆನ್ನೂರು ತಾಲೂಕಿನ ಚೌಡಯ್ಯದಾನಪುರವು ಇಂದಿಗೂ ಅಂಬಿಗನೊಬ್ಬನ ಹೆಸರನ್ನು ಹೊತ್ತು ತುಂಗಭದ್ರೆಯ ದಡದಲ್ಲಿ ನಿಂತಿದೆ. ಒಂದೇ ಹೆಸರಿನ ಇಬ್ಬರನ್ನು ಬೇರ್ಪಡಿಸಲು ವಿಶೇಷಣ ಬೇಕೇ ಬೇಕಾದರೆ, ಅವನು ಹುಟ್ಟಿನಿಂದಲೋ ರೋಗದಿಂದಲೋ ಪಡೆದುದನ್ನು ಬಿಟ್ಟು, ಮಾಡುವುದನ್ನು ಹಿಡಿಯಬಹುದೆಂಬುದು ಅವರ ರೂಢಿಯಿಂದ ತಿಳಿಯುತ್ತದೆ.

ನಮ್ಮ ಸೀಮೆಯೇ ಇದಕ್ಕೆ ಉಜ್ವಲವಾದ ನಿದರ್ಶನವನ್ನು ಕೊಟ್ಟಿದೆ. ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಜನಿಸಿದ ಪಂಚಾಕ್ಷರಿ ಗವಾಯಿಗಳಿಗೆ ಕಣ್ಣಿರಲಿಲ್ಲ. ಹಾನಗಲ್ಲ ಕುಮಾರಸ್ವಾಮಿಗಳು ಆ ಬಾಲಕನಲ್ಲಿ ಕಂಡದ್ದು ಇಲ್ಲದ ಕಣ್ಣನ್ನಲ್ಲ, ಇದ್ದ ಕಂಠವನ್ನು. ಶಿವಯೋಗಮಂದಿರವನ್ನು 1909ರಲ್ಲಿ ಸ್ಥಾಪಿಸಿದ ಆ ಮಹಾನುಭಾವರು ಅವರಿಗೆ ಸಂಗೀತವಿದ್ಯೆ ದೊರೆಯುವಂತೆ ಮಾಡಿದರು. 1944ರಲ್ಲಿ ಲಿಂಗೈಕ್ಯರಾದ ಗವಾಯಿಗಳನ್ನು ನಾಡು ‘ಗಾನಯೋಗಿ’ ಎಂದು ಕರೆಯಿತು. ಅವರ ಶಿಷ್ಯರೂ ಉತ್ತರಾಧಿಕಾರಿಗಳೂ ಆದ, 1914ರಲ್ಲಿ ಜನಿಸಿದ ಪುಟ್ಟರಾಜ ಗವಾಯಿಗಳು ಎಳವೆಯಲ್ಲಿಯೇ ದೃಷ್ಟಿಯನ್ನು ಕಳೆದುಕೊಂಡವರು. ಕನ್ನಡ, ಸಂಸ್ಕೃತ, ಹಿಂದಿಗಳಲ್ಲಿ ಗ್ರಂಥಗಳನ್ನು ರಚಿಸಿದರು, ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಅನೇಕ ಅಂಧ ಬಾಲಕರಿಗೆ ಅನ್ನವನ್ನೂ ವಿದ್ಯೆಯನ್ನೂ ಕೊಟ್ಟರು. 2010ರಲ್ಲಿ ಪದ್ಮಭೂಷಣ ಪ್ರಶಸ್ತಿ ಬಂದಿತು. ಅದೇ ವರ್ಷದ ಸೆಪ್ಟೆಂಬರ್ 17ರಂದು ಅವರು ಲಿಂಗೈಕ್ಯರಾದರು. ಇಷ್ಟಲಿಂಗದ ಅನುಸಂಧಾನದಲ್ಲಿ ದೃಷ್ಟಿಯೋಗಕ್ಕೆ ದೊಡ್ಡ ಸ್ಥಾನವಿದೆಯೆಂಬುದನ್ನು ನಾವೆಲ್ಲ ಬಲ್ಲೆವು. ಅಂಥ ಮಾರ್ಗದಲ್ಲಿಯೇ ದೃಷ್ಟಿಯಿಲ್ಲದ ಇಬ್ಬರು ನಮ್ಮೆಲ್ಲರಿಗೆ ಗುರುಗಳಾದರೆಂಬುದು ಮರೆಯತಕ್ಕ ಮಾತಲ್ಲ. ಆದರೆ ಪ್ರತಿಯೊಬ್ಬ ಅಂಧ ಬಾಲಕನೂ ಗವಾಯಿಯಾಗಿಯೇ ಮರ್ಯಾದೆಯನ್ನು ಗಳಿಸಬೇಕೆಂದು ನಾವು ನಿರೀಕ್ಷಿಸಬಾರದು. ಪೇಟೆಯಲ್ಲಿ ಲೆಕ್ಕ ಬರೆಯುವವನಿಗೂ ಆ ಮರ್ಯಾದೆ ಸಲ್ಲತಕ್ಕದ್ದೇ.

ಈಚಿನ ಶಬ್ದಗಳನ್ನು ಕುರಿತು ಎರಡು ಮಾತು. ಸರಕಾರದ ಬರೆವಣಿಗೆಯಲ್ಲಿ ‘ಅಂಗವಿಕಲ’ ಶಬ್ದದ ಸ್ಥಾನಕ್ಕೆ ‘ವಿಕಲಚೇತನ’ ಎಂಬುದು ಬಂದಿದೆ. 2015ರ ಡಿಸೆಂಬರಿನಲ್ಲಿ ಪ್ರಧಾನಮಂತ್ರಿಗಳು ‘ದಿವ್ಯಾಂಗ’ ಎಂಬ ಶಬ್ದವನ್ನು ಸೂಚಿಸಿದರು. ಈ ಬದಲಾವಣೆಗಳ ಹಿಂದಿನ ಉದ್ದೇಶವು ಒಳ್ಳೆಯದೆಂಬುದರಲ್ಲಿ ಸಂಶಯವಿಲ್ಲ. ಆದರೂ ಶಬ್ದಾರ್ಥವನ್ನು ಬಲ್ಲವರು ಕೇಳಬೇಕಾಗುತ್ತದೆ: ಊನವಿದ್ದದ್ದು ಅಂಗದಲ್ಲಿ, ‘ವಿಕಲಚೇತನ’ವೆಂದು ಅದನ್ನು ಚೇತನಕ್ಕೆ ಏರಿಸಿದ್ದು ಸರಿಯೆ? ನಮ್ಮ ಸಿದ್ಧಾಂತದಲ್ಲಿ ಚೈತನ್ಯಕ್ಕೆ ವಿಕಲತೆಯಿಲ್ಲ. ‘ದಿವ್ಯಾಂಗ’ ಎಂಬುದು ಕಿವಿಗೆ ಇಂಪಾಗಿದೆ. ಆದರೆ ಕಚೇರಿಯ ಮೆಟ್ಟಿಲನ್ನು ಹತ್ತಲಾಗದೆ ಕೆಳಗೆ ಕುಳಿತವನನ್ನು ದಿವ್ಯನೆಂದು ಕರೆದು ಮೆಟ್ಟಿಲನ್ನು ಹಾಗೆಯೇ ಬಿಟ್ಟರೆ, ಕೌಟಿಲ್ಯನ ಹನ್ನೆರಡು ಪಣದ ಲೆಕ್ಕವು ನೆನಪಾಗದೆ ಇರದು. ಹೊಗಳಿಕೆಯು ಕ್ರಿಯೆಯ ಸ್ಥಾನವನ್ನು ತುಂಬಬಾರದು.

ಹಾಗೆಂದು ಮೌನವೇ ಮದ್ದೆಂದು ಯಾರೂ ಭಾವಿಸಬಾರದು. 2011ರ ಜನಗಣತಿಯಲ್ಲಿ ಭಾರತದಲ್ಲಿ 2.68 ಕೋಟಿ, ಕರ್ನಾಟಕದಲ್ಲಿ ಸುಮಾರು 13.24 ಲಕ್ಷ ಜನರು ಊನವುಳ್ಳವರೆಂದು ಲೆಕ್ಕಕ್ಕೆ ಸಿಕ್ಕರು. ಹೆಸರಿಸದೆ ಎಣಿಕೆಯಿಲ್ಲ, ಎಣಿಸದೆ ಸೌಕರ್ಯವಿಲ್ಲ. 1995ರ ಶಾಸನದಲ್ಲಿ ಏಳು ಬಗೆಯ ಊನಗಳಿದ್ದುವು. 2016ರ ಶಾಸನವು ಇಪ್ಪತ್ತೊಂದನ್ನು ಹೆಸರಿಸಿತು. ಹೆಸರು ಹೆಚ್ಚಿದುದರಿಂದ ಹಕ್ಕುಳ್ಳವರು ಹೆಚ್ಚಿದರು. ವೈದ್ಯನು ರೋಗವನ್ನು ಸ್ಪಷ್ಟವಾಗಿ ಹೇಳಲೇಬೇಕು. ಗುರುವು ಕಣ್ಣು ಮಂಜಾದ ಮಗುವನ್ನು ಗುರುತಿಸಿ ಮುಂದಿನ ಸಾಲಿನಲ್ಲಿ ಕೂಡಿಸಲೇಬೇಕು. ಆದುದರಿಂದ ನಿಷೇಧವು ಶಬ್ದಕ್ಕಲ್ಲ, ಅಸ್ಥಾನದ ಬಳಕೆಗೆ. ಭಾರತದ ಸರ್ವೋಚ್ಚ ನ್ಯಾಯಾಲಯವು 2024ರ ಜುಲೈ 8ರ ತೀರ್ಪಿನಲ್ಲಿ ಚಲನಚಿತ್ರಾದಿಗಳಲ್ಲಿ ಊನವುಳ್ಳವರನ್ನು ಚಿತ್ರಿಸುವ ಬಗೆಗೆ ಸೂಚನೆಗಳನ್ನು ಕೊಡುತ್ತ, ಹೀನಾರ್ಥವನ್ನು ಪಡೆದ ಶಬ್ದಗಳನ್ನು ಬಿಡಬೇಕೆಂದು ಹೇಳಿದುದರ ತಿರುಳೂ ಇದೇ.

‘ನಮ್ಮ ಹಿರಿಯರು ಉದ್ದ, ಕುಳ್ಳ, ಕರಿಯ ಎಂದು ಎಲ್ಲರನ್ನೂ ಕರೆಯುತ್ತಿದ್ದರು, ಅದರಲ್ಲಿ ದ್ವೇಷವಿರಲಿಲ್ಲ’ ಎಂದು ಕೆಲವರು ಆಕ್ಷೇಪಿಸುವರು. ದ್ವೇಷವಿರಲಿಲ್ಲವೆಂಬುದು ದಿಟ. ನನ್ನಲ್ಲಿಯೂ ಇರಲಿಲ್ಲ. ದ್ವೇಷವಿಲ್ಲದೆ ತುಳಿದರೂ ತುಳಿಸಿಕೊಂಡ ಕಾಲಿಗೆ ನೋವು ತಪ್ಪದು. ಉದ್ದನೆಯವನನ್ನು ಉದ್ದನೆಂದರೆ ಅವನಿಗೆ ಹೆಣ್ಣು ಕೊಡುವವರು ಹಿಂಜರಿಯುವುದಿಲ್ಲ, ಪಾಲು ಕೊಡುವ ಅಣ್ಣನು ಕೈ ಹಿಡಿಯುವುದಿಲ್ಲ. ಕುಂಟನೆಂಬ ಶಬ್ದದ ಬೆನ್ನಿಗೆ ಇವೆಲ್ಲ ಬರುತ್ತವೆ.

ಗೃಹಸ್ಥರ ನಿತ್ಯವ್ಯವಹಾರಕ್ಕಾಗಿ ಒಂದು ಸರಳವಾದ ನಿಯಮವನ್ನು ನಿವೇದಿಸುತ್ತೇನೆ. ಊನದ ಮಾತನ್ನಾಡುವ ಮೊದಲು ಮೂರನ್ನು ಕೇಳಿಕೊಳ್ಳಬೇಕು. ಈ ಮಾತಿನಿಂದ ಅವನಿಗೇನಾದರೂ ಹಿತವುಂಟೆ? ಅವನ ಎದುರಿನಲ್ಲಿ, ಅವನ ಮಕ್ಕಳ ಎದುರಿನಲ್ಲಿ ಇದನ್ನು ಆಡಬಲ್ಲೆನೆ? ತನ್ನನ್ನು ಯಾವ ಶಬ್ದದಿಂದ ಕರೆಯಬೇಕೆಂದು ಅವನು ಬಯಸುತ್ತಾನೆ? ಮೂರಕ್ಕೂ ತಕ್ಕ ಉತ್ತರ ದೊರೆತರೆ ಆಡಬಹುದು. ಆಗಲೂ ಊನವನ್ನು ಅವಯವದಲ್ಲಿಯೇ ನಿಲ್ಲಿಸಿ ಆಡಬೇಕು, ಮನುಷ್ಯನ ಮೇಲೆ ಏರಿಸಬಾರದು. ದೊರೆಯದಿದ್ದರೆ ತಂದೆತಾಯಿಗಳು ಇಟ್ಟ ಹೆಸರು ಇದ್ದೇ ಇದೆ.

ಕಾಗಿನೆಲೆಯ ಕನಕದಾಸರು ರಾಮಧಾನ್ಯ ಚರಿತ್ರೆಯಲ್ಲಿ ಅಕ್ಕಿಯಿಂದ ಹೀಯಾಳಿಸಲ್ಪಟ್ಟ ರಾಗಿಯ ಕಥೆಯನ್ನು ಹೇಳಿದರು. ಹೊರಗಿನ ರೂಪವನ್ನು ಹಿಡಿದು ಆಡಿದ ಮಾತು ಅಲ್ಲಿ ನಿಲ್ಲಲಿಲ್ಲ. ಆರು ತಿಂಗಳು ಸೆರೆಯಲ್ಲಿದ್ದು ಹೊರಬಂದಾಗ ಸಾರವಾವುದೆಂಬುದು ತಿಳಿಯಿತು. ಆ ನೆಲದಲ್ಲಿ ಅನ್ನ ತಿಂದು ಅಕ್ಷರ ಕಲಿಸಿದ ನಾನು ಒಂದು ಮಗುವನ್ನು ಅದರ ಕಾಲಿನಿಂದ ಅಳೆದೆನೆಂಬುದು ನನಗೆ ಇಂದಿಗೂ ನಾಚಿಕೆಯ ವಿಷಯ.

ಆ ದಿನ ದಾಖಲೆಯ ಪುಸ್ತಕದಲ್ಲಿ ತಂದೆಯ ಹೆಸರನ್ನು ವಿಶೇಷಣವಿಲ್ಲದೆ ಬರೆದು, ಓದಿ ಹೇಳಿ, ಆ ಮಗುವಿನಿಂದ ಮೂರು ಬಾರಿ ಹೇಳಿಸಿದೆನು. ಅನಂತರ ತಂದೆಯ ಕಡೆಗೆ ತಿರುಗಿ, ಮೂವತ್ತು ವರ್ಷಗಳ ಹಿಂದೆ ನಕ್ಕು ತಳ್ಳಿಹಾಕಿದ ಪ್ರಶ್ನೆಗೆ ಉತ್ತರ ಕೊಟ್ಟೆನು. ಕಂಬ ಸಣ್ಣದಾದರೆ ಗುಡಿ ಬೀಳುವುದಿಲ್ಲ. ಕಂಬದ ಮೇಲೆ ನಿಂತದ್ದು ಎಂದಾದರೂ ಅಳಿಯುವುದೆಂದೂ, ನಡೆಯುವುದು ಅಳಿಯದೆಂದೂ ಹೇಳಿಯೇ ಆ ವಚನವು ಮುಗಿಯುತ್ತದೆ. ನಡೆಯೆಂದರೆ ಕಾಲಿನ ನಡಿಗೆಯಲ್ಲ, ಚೈತನ್ಯದ ನಡೆ. ಅದಕ್ಕೆ ಊರುಗೋಲು ಅಡ್ಡಿಯಲ್ಲ, ಹಾಸಿಗೆಯೂ ಅಡ್ಡಿಯಲ್ಲ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಆವಾಗ ಹೇಳಿದ್ರ ಚಲೋ ಇತ್ರಿ, ಗುರುಗಳ” ಎಂದನು.

ಅವನ ಮಾತು ನ್ಯಾಯವಾದುದು. ನನಗೆ ತಡವಾಯಿತು, ಈ ಲೇಖನವನ್ನು ಓದುವ ತಂದೆತಾಯಿಗಳಿಗೂ ಉಪಾಧ್ಯಾಯರಿಗೂ ತಡವಾಗದಿರಲಿ. ಮನೆಯಲ್ಲಿ, ಮಠದಲ್ಲಿ, ಪೇಟೆಯಲ್ಲಿ ಅಂಥ ಒಂದು ಹೆಸರು ಯಾರ ಮೇಲಾದರೂ ಅಂಟಿಕೊಂಡಿದ್ದರೆ, ಇಂದೇ ಅದನ್ನು ಬಿಡಿಸಿ, ಅವರ ನಿಜನಾಮದಿಂದ ಒಮ್ಮೆ ಕೂಗಿ ಕರೆಯಿರಿ.